ಕುಂಡದ ಕಳ್ಳಿಯೂ ಮನೆಯೊಳಗಿನ ತೇವವೂ

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವ ಪ್ರತಿಯೊಬ್ಬ ಹುಡುಗಿಗೂ, ಸಸ್ಯಶಾಸ್ತ್ರದ ಪಾಠದಲ್ಲಿ ಆಕೆಯೇ ಮರಿಯಿಂದ ಬೆಳೆಯಿಸಿದ ಒಂದು ಕಳ್ಳಿಯ ಕುಂಡವನ್ನು ಕೊಟ್ಟು ಕಳುಹಿಸುವ ವಾಡಿಕೆಯುಂಟೆಂಬದು ಹಳೆಯ ವಿದ್ಯಾರ್ಥಿನಿಯರಿಗೆ ತಿಳಿದ ಸಂಗತಿಯೇ. ಈ ಕುಂಡಗಳಲ್ಲಿ ಬಹಳವು ಮೊದಲನೆಯ ಮಳೆಗಾಲವನ್ನು ದಾಟುವದಿಲ್ಲವೆಂಬದು ಅವರಿಂದ ಬರುವ ಕಾಗದಗಳಿಂದ ತಿಳಿದು ಬರುತ್ತದೆ. ಒಬ್ಬಳು ಬರೆದದ್ದು ಹೀಗೆ: “ಟೀಚರೇ, ಮೇ ತಿಂಗಳ ಕೊನೆಯಲ್ಲಿ ಒಂದು ಸಲ ನೀರು ಹಾಕಿದೆ. ಆ ಮೇಲೆ ಒಂದು ತೊಟ್ಟೂ ಹಾಕಲಿಲ್ಲ, ಮಳೆಗೂ ಇಡಲಿಲ್ಲ, ಒಳಗೆ ಕಪಾಟಿನ ಮೇಲೆ ಇಟ್ಟಿದ್ದೆ. ಆದರೂ ಜುಲೈ ಮುಗಿಯುವಾಗ ಬುಡವು ಮೆತ್ತಗಾಗಿ ಬಿದ್ದು ಹೋಯಿತು.” ಆಕೆ ಆರು ತಿಂಗಳು ಪ್ರೀತಿಯಿಂದ ಸಾಕಿದ ಗಿಡವದು. ಇನ್ನೊಬ್ಬ ಹುಡುಗಿಯ ತಂದೆಯವರು, ಮರುಭೂಮಿಯ ಗಿಡವನ್ನು ಮಂಗಳೂರಿನ ಮಳೆಯಲ್ಲಿ ಸಾಕಲು ಮಕ್ಕಳಿಗೆ ಹೇಳುವದೇ ಸರಿಯಲ್ಲವಷ್ಟೆ ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಈ ಇಬ್ಬರಿಗೂ ಉತ್ತರವನ್ನು ಒಟ್ಟಿಗೆ ಕೊಡುವದಕ್ಕಾಗಿ ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಮುಳ್ಳುಳ್ಳ ದಪ್ಪಕಾಂಡದ ಗಿಡಗಳಿಗೆಲ್ಲಾ ಕಳ್ಳಿಯೆಂದೇ ಹೆಸರು. ಆದರೆ ನಮ್ಮ ಬೇಲಿಗಳಲ್ಲಿ ಕಾಣುವ ಚದುರಗಳ್ಳಿ, ಎಲೆಗಳ್ಳಿಗಳು ಒಂದು ಕುಲದವು. ಅವುಗಳನ್ನು ಗೀರಿದರೆ ಬಿಳೀ ಹಾಲು ಒಸರುತ್ತದೆ. ಕುಂಡದಲ್ಲಿ ನಾವು ಬೆಳೆಯಿಸುವ ಕ್ಯಾಕ್ಟಸ್ ಕುಲದ ಗಿಡಗಳಲ್ಲಿ ಮುಳ್ಳುಗಳು ಹತ್ತಿಯ ಚುಕ್ಕೆಯಂತಿರುವ ಸಣ್ಣ ದಿಂಬುಗಳಿಂದ ಗೊಂಚಲಾಗಿ ಹೊರಡುತ್ತವೆ. ಇವು ಒಂದೆರಡನ್ನುಳಿದು ಎಲ್ಲವೂ ಅಮೇರಿಕಾ ಖಂಡದಿಂದ ಬಂದವುಗಳು. ಪಾಪಾಸುಕಳ್ಳಿಯೂ ಹಾಗೆಯೇ ಬಂದದ್ದು. ಅದರ ಮೇಲೆ ಬಣ್ಣದ ಹುಳವನ್ನು ಸಾಕಬೇಕೆಂದು ೧೭೯೫ರಲ್ಲಿ ಬ್ರೆಜಿಲಿನಿಂದ ತರಿಸಿದ ಹುಳವು ಬೇಕಾದ ಜಾತಿಯದಾಗಿರದೆ, ಬಣ್ಣ ಕೊಡುವದಕ್ಕೆ ಬದಲಾಗಿ ಗಿಡವನ್ನೇ ತಿಂದು ಹಾಕಿತು! ಆದರೆ ಅದು ಬೇರೆಯ ಕಥೆ.

ಮರುಭೂಮಿಯೆಂದರೆ ಒಣಗಾಳಿಯೆಂದು ಭಾವಿಸುವದು ಎಲ್ಲಾ ಕಡೆಗೂ ಸಲ್ಲದು. ಚಿಲಿ ದೇಶದ ಕರಾವಳಿಯಲ್ಲಿರುವ ಅಟಕಾಮ ಮರುಭೂಮಿಯಲ್ಲಿ ಮಳೆ ಬೀಳುವದು ಅತಿ ಅಪರೂಪ. ಆದರೂ ಸಮುದ್ರದಿಂದ ಏರಿ ಬರುವ ದಟ್ಟ ಮಂಜು ಅಲ್ಲಿಯ ಗುಡ್ಡಗಳನ್ನು ಮುಚ್ಚಿ ಗಾಳಿಯನ್ನು ತೇವದಿಂದ ತುಂಬಿಸುತ್ತದೆ, ಮತ್ತು ಆ ಗುಡ್ಡಗಳಲ್ಲಿಯೇ ಕಳ್ಳಿಗಳು ಸುಖವಾಗಿ ಬೆಳೆಯುತ್ತವೆ. ಬೇರೆ ಮರುಭೂಮಿಗಳಲ್ಲಿಯೂ ಹಗಲಿನಲ್ಲಿ ಒಣಗಿರುವ ಗಾಳಿಯು ರಾತ್ರಿ ತಣಿದಾಗ ಸಾಕಷ್ಟು ತೇವವುಳ್ಳದ್ದಾಗುತ್ತದೆ. ಹೀಗಿರಲಾಗಿ ತೇವವುಳ್ಳ ಗಾಳಿಯೇ ಕಳ್ಳಿಯ ವೈರಿಯೆಂದು ಹೇಳಕೂಡದು. ವೈರಿಯು ಮತ್ತೊಂದು ಕಡೆಯಲ್ಲಿ ಅಡಗಿಕೊಂಡಿದೆ.

ಗಾಳಿಯ ತೇವವೆಂದರೇನು? ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿಯು ಯಾವಾಗಲೂ ಇರುತ್ತದೆ. ಆದರೆ ಅದಕ್ಕೆ ಒಂದು ಮಿತಿಯುಂಟು. ಆ ಮಿತಿಯು ಉಷ್ಣದೊಡನೆ ಏರುತ್ತದೆ. ಒಂದು ಘನಮೀಟರ್ ಜಾಗದಲ್ಲಿ ೧೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ೯ ಗ್ರಾಂ, ೨೦ ಡಿಗ್ರಿಯಲ್ಲಿ ೧೭ ಗ್ರಾಂ, ೩೦ ಡಿಗ್ರಿಯಲ್ಲಿ ೩೦ ಗ್ರಾಂ ನೀರಾವಿಯು ಹಿಡಿಯಬಲ್ಲದು. ಹಿಡಿಯಬಹುದಾದದ್ದರಲ್ಲಿ ನೂರಕ್ಕೆ ಎಷ್ಟು ಪಾಲು ಆಗಲೇ ತುಂಬಿದೆಯೋ ಅದನ್ನು ಸಾಪೇಕ್ಷ ಆರ್ದ್ರತೆಯೆನ್ನುತ್ತಾರೆ. ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಅದು ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿಯೇ ದಿನಗಟ್ಟಲೆ ನಿಲ್ಲುವದು.

ಈ ಲೆಕ್ಕವನ್ನು ಮನೆಯೊಳಗೆ ತನ್ನಿರಿ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರವುಳ್ಳ ಒಂದು ಮಲಗುವ ಕೋಣೆಯಲ್ಲಿ ೩೬ ಘನಮೀಟರ್ ಗಾಳಿಯಿದೆ. ೨೭ ಡಿಗ್ರಿಯಲ್ಲಿ ಘನಮೀಟರಿಗೆ ೨೬ ಗ್ರಾಮಿನಂತೆ ಅದರ ಮಿತಿಯು ೯೩೬ ಗ್ರಾಂ. ನೂರಕ್ಕೆ ಅರುವತ್ತು ಪಾಲು ತುಂಬಿರುವ ದಿನದಲ್ಲಿ ಆ ಗಾಳಿಯು ಇನ್ನೂ ೩೭೪ ಗ್ರಾಂ ನೀರನ್ನು ಕುಡಿಯಬಲ್ಲದು. ತೊಂಬತ್ತು ಪಾಲು ತುಂಬಿದ ದಿನದಲ್ಲಾದರೋ ಉಳಿದ ಜಾಗವು ಬರೇ ೯೪ ಗ್ರಾಮಿನದು, ಅಂದರೆ ಅರ್ಧ ಲೋಟ ನೀರು. ಈಗ ಹಿಂಡಿ ತಂದ ಬಟ್ಟೆಗಳನ್ನು ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಹರವಿದ್ದೀರೆಂದು ಎಣಿಸಿರಿ. ಒಂದು ಬಕೇಟು ಬಟ್ಟೆಯಲ್ಲಿ ಹಿಂಡಿದ ಮೇಲೆಯೂ ಒಂದು ಲೀಟರಿಗೆ ಕಡಿಮೆಯಿಲ್ಲದ ನೀರು ಉಳಿದಿರುತ್ತದೆ. ಅರ್ಧ ಲೋಟಕ್ಕೆ ಮಾತ್ರ ಜಾಗವಿರುವ ಕೋಣೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಕಿಟಕಿ ಮುಚ್ಚಿದ್ದರೆ ಗೋಡೆಗೂ ಹಾಸಿಗೆಗೂ ಪುಸ್ತಕಗಳಿಗೂ ಹೋಗುತ್ತದೆ. ಕುಂಡದ ಮಣ್ಣಿನಿಂದ ಹೊರಡಬೇಕಾದ ನೀರಂತೂ ಸಾಲಿನ ಕೊನೆಯಲ್ಲಿ ನಿಂತಿರುವದು.

ಇದು ಉತ್ತರದ ಅರ್ಧ ಭಾಗ. ಉಳಿದ ಅರ್ಧವು ಗಿಡದ ಉಸಿರಾಟದಲ್ಲಿದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಅಂಗಾರಾಮ್ಲವಾಯುವನ್ನು ಒಳಗೊಳ್ಳುತ್ತವೆ. ಆ ಬಾಗಿಲಿನಿಂದಲೇ ನೀರಾವಿಯೂ ಹೊರಗೆ ಹೋಗುತ್ತದೆ. ಕಳ್ಳಿಯು ಹಗಲೆಲ್ಲಾ ಬಾಗಿಲನ್ನು ಮುಚ್ಚಿಕೊಂಡಿದ್ದು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಹೀರಿದ್ದನ್ನು ಹುಳಿಯ ರೂಪದಲ್ಲಿ ಕೂಡಿಸಿಟ್ಟು, ಮರುದಿನದ ಬೆಳಕಿನಲ್ಲಿ ಅದರಿಂದ ಆಹಾರವನ್ನು ಮಾಡಿಕೊಳ್ಳುತ್ತದೆ. ಈ ಸಂಗತಿಯನ್ನು ಲೋಕವು ತಿಳಿದುಕೊಂಡ ರೀತಿಯಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು. ತರಂಗಂಬಾಡಿಗೆ ಮಿಶನರಿಯಾಗಿ ಬಂದು ಸಸ್ಯಶಾಸ್ತ್ರಜ್ಞನಾದ ಬೆಂಜಮಿನ್ ಹೈನ್ ಎಂಬವರು ೧೮೦೦ರ ಸುಮಾರಿಗೆ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದರು. ಕಾಡುಬಸಳೆಯ ಎಲೆಯು ಮುಂಜಾನೆ ಹುಳಿಯಾಗಿಯೂ ಮಧ್ಯಾಹ್ನಕ್ಕೆ ಸಪ್ಪೆಯಾಗಿಯೂ ಇರುವದನ್ನು ಅವರು ನಾಲಿಗೆಯಿಂದಲೇ ಕಂಡುಕೊಂಡು, ಲಂಡನಿಗೆ ಬರೆದ ಕಾಗದದಲ್ಲಿ ತಿಳಿಸಿದರು. ಅದು ೧೮೧೫ರಲ್ಲಿ ಪ್ರಕಟವಾಯಿತು. (ನಮ್ಮ ಹುಡುಗಿಯರು ಇದನ್ನು ಲಿಟ್ಮಸ್ ಕಾಗದದಿಂದ ಪರೀಕ್ಷಿಸುತ್ತಾರೆ. ಆ ಎಲೆಯಲ್ಲಿ ವಿಷದ ಅಂಶವಿರುವದರಿಂದ ಮನೆಯಲ್ಲಿ ಯಾರೂ ರುಚಿ ನೋಡಬಾರದು.) ಅದಕ್ಕೂ ಮೊದಲು, ೧೮೦೪ರಲ್ಲಿ, ಜಿನೀವದ ನಿಕೊಲಾ ತಿಯೊಡೋರ್ ಡ ಸೊಸ್ಯೂರ್ ಎಂಬ ವಿದ್ವಾಂಸರು ಪಾಪಾಸುಕಳ್ಳಿಯ ಕಾಂಡಗಳು ಕತ್ತಲೆಯಲ್ಲಿಯೂ ವಾಯುವನ್ನು ಹೀರಿ ಒಳಗಿಟ್ಟುಕೊಳ್ಳುವದನ್ನು ಬರೆದಿಟ್ಟಿದ್ದರು. ಮನುಷ್ಯರ ಕೂದಲು ತೇವದಲ್ಲಿ ಉದ್ದವಾಗುವದನ್ನು ಉಪಯೋಗಿಸಿ ಗಾಳಿಯ ಆರ್ದ್ರತೆಯನ್ನು ಅಳೆಯುವ ಯಂತ್ರವನ್ನು ೧೭೮೩ರಲ್ಲಿ ಲೋಕಕ್ಕೆ ತಿಳಿಸಿದ ಹೊರೇಸ್ ಬೆನೆಡಿಕ್ಟ್ ಡ ಸೊಸ್ಯೂರ್ ಅವರ ತಂದೆ. ಒಂದೇ ಮನೆಯಲ್ಲಿ ತಂದೆಯು ತೇವವನ್ನೂ ಮಗನು ಕಳ್ಳಿಯನ್ನೂ ಪರೀಕ್ಷಿಸಿದ್ದು ನಮ್ಮ ಈ ಪಾಠಕ್ಕೆ ಬಹಳ ಅನುಕೂಲವಾಗಿದೆ!

ಈಗ ಕಾಗದ ಬರೆದ ಹುಡುಗಿಯ ಕುಂಡಕ್ಕೆ ಬರೋಣ. ಮೇ ತಿಂಗಳ ಕೊನೆಯಲ್ಲಿ ಹಾಕಿದ ನೀರು ಎರಡೇ ದಾರಿಯಿಂದ ಹೊರಗೆ ಹೋಗಬೇಕು: ಮಣ್ಣಿನಿಂದ ನೇರವಾಗಿ ಆವಿಯಾಗಿ, ಇಲ್ಲವೆ ಬೇರಿನಿಂದ ಕಾಂಡಕ್ಕೇರಿ ಸೂಕ್ಷ್ಮರಂಧ್ರಗಳಿಂದ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತು. ಗಾಳಿಯು ತುಂಬಿ ಹೋದದರಿಂದ ಮೊದಲನೆಯ ದಾರಿ ಬಹುಮಟ್ಟಿಗೆ ಮುಚ್ಚಿತು. ರಾತ್ರಿ ಗಾಳಿಯು ಇನ್ನೂ ತೇವವಾದದರಿಂದ ಗಿಡವು ಬಾಗಿಲು ತೆರೆದರೂ ನೀರನ್ನು ಕಳಕೊಳ್ಳಲಿಲ್ಲ. ಕಳಕೊಳ್ಳದಿದ್ದದರಿಂದ ಬೇರಿನಿಂದ ಎಳೆಯಲೂ ಇಲ್ಲ. ಮೋಡದ ಮಬ್ಬಿನಿಂದ ಬೆಳವಣಿಗೆಯೂ ನಿಂತಿತ್ತು. ಕುಂಡವು ಬೇರೆ ಪ್ಲಾಸ್ಟಿಕ್ಕಿನದು. ಅದರೊಳಗಿನದು ತೆಂಗಿನ ನಾರಿನ ಪುಡಿ, ತೇವವನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುವಂಥದು. ಶಾಲೆಯ ಮಣ್ಣಿನ ಕುಂಡವು ಒಡೆದದರಿಂದ ಪೇಟೆಯಿಂದ ತಂದ ಕುಂಡಕ್ಕೆ ಗಿಡವನ್ನು ಬದಲಾಯಿಸಿದೆನೆಂದು ಆಕೆಯೇ ಕಾಗದದ ಕೊನೆಯಲ್ಲಿ ತಿಳಿಸಿದ್ದಳು. ಹೀಗೆ ಒಂದೇ ಸಲ ಹಾಕಿದ ನೀರು ಎರಡು ತಿಂಗಳು ಬೇರಿನ ಸುತ್ತಲೂ ನಿಂತು, ಉಸಿರಾಡಲು ಗಾಳಿಯಿಲ್ಲದ ಬೇರುಗಳನ್ನು ಬೂಷ್ಟು ಹಿಡಿಯಿತು. ಬೇರು ಕೊಳೆತ ಮೇಲೆ ಬುಡ. ಗಾಳಿಯ ತೇವವು ಗಿಡವನ್ನು ಕೊಂದದ್ದಲ್ಲ, ಮಣ್ಣು ಒಣಗದಂತೆ ತಡೆದದ್ದೇ ಅದರ ಅಪರಾಧ.

ಆದುದರಿಂದ ಮಾಡಬೇಕಾದದ್ದು ಬಹುಮಟ್ಟಿಗೆ ಮೇ ತಿಂಗಳಲ್ಲಿಯೇ ಮಾಡತಕ್ಕದ್ದು. ಕುಂಡವು ಮೆರುಗು ಹಚ್ಚದ ಮಣ್ಣಿನದಾಗಿರಲಿ. ಅದರ ಗೋಡೆಯಿಂದಲೇ ಸ್ವಲ್ಪ ನೀರು ಹೊರಗೆ ಒಸರಿ ಆರುವದು. ಗಾತ್ರವು ಗಿಡಕ್ಕಿಂತ ಎರಡು ಬೆರಳು ಮಾತ್ರ ಅಗಲವಾಗಿದ್ದರೆ ಸಾಕು, ಯಾಕಂದರೆ ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಬರೇ ನೀರಿನ ಚೀಲವಾಗಿರುತ್ತದೆ. ಮುರಕಲ್ಲಿನ ಕೆಂಪು ಮಣ್ಣನ್ನೊಂದೇ ತುಂಬಿಸಿದರೆ ಅದು ಗಟ್ಟಿಯಾಗಿ ಕೂತುಕೊಳ್ಳುವದು. ಒಂದು ಪಾಲು ಮಣ್ಣು ಅಥವಾ ಹಳೆಯ ಎಲೆಗೊಬ್ಬರಕ್ಕೆ ಎರಡು ಪಾಲು ದಪ್ಪ ಹೊಯಿಗೆಯನ್ನೂ ಕುಟ್ಟಿದ ಹಂಚಿನ ಚೂರುಗಳನ್ನೂ ಬೆರಸಿರಿ. ಸಮುದ್ರದ ಹೊಯಿಗೆಯಲ್ಲಿ ಉಪ್ಪಿರುವದರಿಂದ ಹೊಳೆಯದನ್ನೇ ತರಬೇಕು. ಹಂಚಿನ ವಿಷಯದಲ್ಲಿ ಮಂಗಳೂರಿನವರಿಗೆ ಬಡತನವಿಲ್ಲ. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಒಡೆದ ಹಂಚಿಲ್ಲದ ಹಿತ್ತಿಲನ್ನು ಹುಡುಕಿ ತೆಗೆಯುವದೇ ಕಷ್ಟ. ಕಡಲೆಯ ಗಾತ್ರಕ್ಕೆ ಕುಟ್ಟಿ, ಪುಡಿಯನ್ನು ಜರಡಿ ಹಿಡಿದು ತೆಗೆದುಬಿಟ್ಟರೆ ಅದಕ್ಕಿಂತ ಒಳ್ಳೆಯ ಸಾಮಗ್ರಿಯು ಅಂಗಡಿಯಲ್ಲಿ ಸಿಕ್ಕುವದಿಲ್ಲ.

ಕುಂಡವನ್ನು ಎಲ್ಲಿಡಬೇಕೆಂಬದರಲ್ಲಿ ಭೂಗೋಲದ ಪಾಠವು ಸಹಾಯಕ್ಕೆ ಬರುತ್ತದೆ. ನಮ್ಮ ಮಳೆಯು ನೈಋತ್ಯದಿಂದ ಬೀಸುವದು. ಪಡುವಣ ಮತ್ತು ತೆಂಕಣ ಕಿಟಕಿಗಳಿಗೆ ಇರಿಚಲು ಹೊಡೆಯುವದು. ಮಂಗಳೂರು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದ ವರೆಗೆ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಗೆ ಉತ್ತರದಲ್ಲಿರುತ್ತಾನೆ. ಹೀಗೆ ಮಳೆಗಾಲದಲ್ಲಿ ಮೋಡ ಸರಿದಾಗಿನ ಬಿಸಿಲು ಬಡಗಣ ಮತ್ತು ಮೂಡಣ ಜಗಲಿಗೇ ದೊರೆಯುವದು, ಇರಿಚಲು ಅತ್ತ ಬಾರದು. ಕಪಾಟಿನ ಮೇಲೆ, ಗೋಡೆಗೆ ಒತ್ತಿ, ಕತ್ತಲೆಯಲ್ಲಿ ಇಡುವದಕ್ಕಿಂತ ಅಲ್ಲಿ ಒಂದು ಮಣೆಯ ಮೇಲೆ ಇಡುವದು ಎಷ್ಟೋ ಮೇಲು. ಕುಂಡದ ಅಡಿಗೆ ತಟ್ಟೆ ಬೇಡ. ಎರಡು ಹಂಚಿನ ತುಂಡುಗಳ ಮೇಲೆ ಎತ್ತಿಟ್ಟರೆ ಅಡಿಯ ತೂತಿಗೂ ಗಾಳಿ ತಗಲುವದು.

ಕಿಟಕಿಯನ್ನು ತೆರೆಯಬೇಕೋ ಮುಚ್ಚಬೇಕೋ ಎಂದು ಬಹಳ ಮಂದಿ ಕೇಳುತ್ತಾರೆ. ಹೊರಗೂ ತೊಂಬತ್ತು ಒಳಗೂ ತೊಂಬತ್ತಾದರೆ ತೆರೆಯುವದರಿಂದ ಆರ್ದ್ರತೆ ಕಡಿಮೆಯಾಗುವದಿಲ್ಲವೆಂಬದು ನಿಜ. ಆದರೂ ತೆರೆಯಬೇಕು, ಯಾಕಂದರೆ ನಿಂತ ಗಾಳಿಯಲ್ಲಿ ಮಣ್ಣಿನ ಮೇಲಿನ ತೆಳ್ಳಗಿನ ಪದರವು ಪೂರ್ತಿ ತುಂಬಿ ಹೋಗಿ ಆವಿಯಾಗುವಿಕೆಯೇ ನಿಂತುಬಿಡುವದು; ಚಲಿಸುವ ಗಾಳಿಯು ಆ ಪದರವನ್ನು ಕೊಂಡುಹೋಗಿ, ನೂರಕ್ಕೆ ಹತ್ತು ಪಾಲಾದರೂ ಜಾಗವಿರುವ ಗಾಳಿಯನ್ನು ಅಲ್ಲಿಗೆ ತರುವದು. ದಿನಕ್ಕೆ ಒಂದೆರಡು ತಾಸು ಫ್ಯಾನನ್ನು ಸಣ್ಣಗೆ ತಿರುಗಿಸಿದರೆ ಅದೇ ಕೆಲಸವಾಗುತ್ತದೆ. ಗಾಳಿಯನ್ನು ಸ್ವಲ್ಪ ಬಿಸಿಮಾಡುವದು ಇನ್ನೊಂದು ಉಪಾಯ. ೨೬ ಡಿಗ್ರಿಯಲ್ಲಿ ತೊಂಬತ್ತೈದು ಪಾಲು ತುಂಬಿದ ಗಾಳಿಯನ್ನು ೨೯ ಡಿಗ್ರಿಗೆ ಏರಿಸಿದರೆ, ಅದರಲ್ಲಿರುವ ನೀರು ಒಂದು ತೊಟ್ಟೂ ಕಡಿಮೆಯಾಗದೆ, ಆರ್ದ್ರತೆಯು ಸುಮಾರು ಎಂಭತ್ತಕ್ಕೆ ಇಳಿಯುವದು. ನಮ್ಮ ಅಜ್ಜಿಯಂದಿರು ಒಲೆಯ ಮೇಲಿನ ಅಟ್ಟದಲ್ಲಿ ಬೀಜವನ್ನೂ ಹುಣಿಸೆಯನ್ನೂ ಇಟ್ಟು ಕಾಪಾಡಿದ್ದು ಇದೇ ತತ್ವದಿಂದ. ಕಳ್ಳಿಗೆ ಬೆಳಕೂ ಬೇಕಾದದರಿಂದ ಅಟ್ಟವು ಆಗದು. ಓದುವ ಮೇಜಿನ ದೀಪದ ಸಮೀಪವು ಆದೀತು.

ಸಿಲಿಕಾ ಜೆಲ್ ಎಂಬ ಮಣಿಗಳ ಪೊಟ್ಟಣಗಳನ್ನು ಕುಂಡದ ಸುತ್ತಲೂ ಇಟ್ಟವರುಂಟು. ಅದು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ನೀರನ್ನು ಮಾತ್ರ ಹೀರಬಲ್ಲದು. ಮುಚ್ಚಿದ ಡಬ್ಬಿಯಲ್ಲಿ ಉಪಯುಕ್ತ, ತೆರೆದ ಕೋಣೆಯಲ್ಲಿ ಸಮುದ್ರವನ್ನು ಚಮಚದಿಂದ ಬತ್ತಿಸುವಂತೆ. ವಿದ್ಯುತ್ತಿನಿಂದ ತೇವವನ್ನು ತೆಗೆಯುವ ಯಂತ್ರವು ಮುಚ್ಚಿದ ಕೋಣೆಯಲ್ಲಿ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಒಂದು ಕಳ್ಳಿಗೋಸ್ಕರ ಅದನ್ನು ಕೊಳ್ಳುವದು ದುಂದುಗಾರಿಕೆಯೆಂದು ನನ್ನ ಅಭಿಪ್ರಾಯ. ಗೂರಲುಳ್ಳ ಮಗುವು ಮಲಗುವ ಕೋಣೆಯ ಗೋಡೆಗಳಲ್ಲಿ ಕರೀ ಬೂಷ್ಟು ಹಿಡಿದಿದ್ದರೆ ಮಾತು ಬೇರೆ. ಆ ಬೂಷ್ಟೂ ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳೂ ಇದೇ ತೇವದಿಂದ ಬೆಳೆದು, ಮಕ್ಕಳ ಉಸಿರನ್ನು ಕಟ್ಟಿಸುವವು. ತಾಯಂದಿರು ಮಳೆಯ ತಂಡಿಗೆ ಹೆದರಿ ಹಗಲಿರುಳು ಕಿಟಕಿ ಮುಚ್ಚಿ, ಅದರೊಳಗೆ ಬಟ್ಟೆಯನ್ನೂ ಹರವುವದನ್ನು ನಾನು ಅನೇಕ ಮನೆಗಳಲ್ಲಿ ನೋಡಿದ್ದೇನೆ. ಮೇಲಿನ ಅರ್ಧ ಲೋಟದ ಲೆಕ್ಕವನ್ನು ಕಳ್ಳಿಗಾಗಿ ಅಲ್ಲದಿದ್ದರೂ ಆ ಮಕ್ಕಳಿಗಾಗಿಯಾದರೂ ಅವರು ಇನ್ನೊಮ್ಮೆ ಓದಬೇಕೆಂದು ಬೇಡಿಕೊಳ್ಳುತ್ತೇನೆ. ಬಟ್ಟೆಯು ಜಗಲಿಯಲ್ಲಿ ಎರಡು ದಿನ ಹೆಚ್ಚು ಇದ್ದರೂ ಚಿಂತೆಯಿಲ್ಲ.

ಅಳೆಯದೆ ಊಹಿಸುವದು ವಿಜ್ಞಾನವಲ್ಲ. ಒಂದೇ ತರದ ಎರಡು ಉಷ್ಣಮಾಪಕಗಳನ್ನು ತಂದು, ಒಂದರ ಬುಡಕ್ಕೆ ಒದ್ದೆಯಾದ ತೆಳು ಬಟ್ಟೆಯನ್ನು ಸುತ್ತಿ, ಎರಡಕ್ಕೂ ಐದು ನಿಮಿಷ ಗಾಳಿ ಬೀಸಿರಿ. ಒಣಗಿದ್ದು ೨೮, ಒದ್ದೆಯದು ೨೭ ತೋರಿಸಿದರೆ ಆರ್ದ್ರತೆಯು ಸುಮಾರು ೯೨. ಒದ್ದೆಯದು ೨೫ಕ್ಕೆ ಇಳಿದರೆ ಸುಮಾರು ೭೮. ಡಿಸೆಂಬರಿನ ಮಧ್ಯಾಹ್ನದಲ್ಲಿ ಒಣಗಿದ್ದು ೩೦ ಇರುವಾಗ ಒದ್ದೆಯದು ೨೨ಕ್ಕೆ ಇಳಿಯಿತೋ, ಆಗ ಆರ್ದ್ರತೆಯು ಐವತ್ತರ ಹತ್ತಿರ. ಈಗ ಅಂಗಡಿಗಳಲ್ಲಿ ಅಂಕೆ ತೋರಿಸುವ ಅಗ್ಗದ ಆರ್ದ್ರತಾಮಾಪಕಗಳು ಸಿಕ್ಕುತ್ತವೆ. ಅವು ಸತ್ಯ ಹೇಳುತ್ತವೆಯೋ ಎಂದು ತಿಳಿಯಲು ಅಡುಗೆಯ ಉಪ್ಪು ಸಾಕು. ಸಣ್ಣ ಬಟ್ಟಲಲ್ಲಿ ಎರಡು ಚಮಚ ಉಪ್ಪನ್ನು ಕೆಲವೇ ಹನಿ ನೀರಿನಿಂದ ಕೆಸರಿನಂತೆ ಕಲಸಿ, ಮಾಪಕದೊಡನೆ ಬಿಗಿಯಾದ ಭರಣಿಯಲ್ಲಿ ಒಂದು ರಾತ್ರಿ ಮುಚ್ಚಿಡಿರಿ. ಬೆಳಿಗ್ಗೆ ಅದು ೭೫ ತೋರಿಸಬೇಕು. ೮೦ ತೋರಿಸಿದರೆ ಯಾವಾಗಲೂ ಐದು ಕಳೆದು ಓದಿರಿ.

ಆದರೆ ಎಲ್ಲಕ್ಕಿಂತಲೂ ನಂಬತಕ್ಕದ್ದು ಅಡುಗೆಮನೆಯ ತಕ್ಕಡಿ. ಕುಂಡವನ್ನು ಪೂರ್ತಿ ಒಣಗಿದಾಗ ಒಮ್ಮೆ, ನೀರು ಹಾಕಿ ಸೋರಿದ ಮೇಲೆ ಒಮ್ಮೆ ತೂಗಿ, ಎರಡು ತೂಕಗಳನ್ನೂ ಕುಂಡದ ಮೇಲೆಯೇ ಬರೆದಿಡಿರಿ. ಒಣತೂಕಕ್ಕೆ ಬಂದು ಒಂದು ವಾರವಾಗುವ ತನಕ ನೀರು ಕೂಡದು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮುಷ್ಟಿಗಾತ್ರದ ಉರುಟು ಕಳ್ಳಿಗೆ ನೀರನ್ನೇ ಹಾಕದಿದ್ದರೂ ಅದು ಸ್ವಲ್ಪ ಬತ್ತುವದೇ ಹೊರತು ಸಾಯುವದಿಲ್ಲ. ತೂಕವು ಎರಡು ವಾರವಾದರೂ ಇಳಿಯದೆ ನಿಂತಿದ್ದರೆ, ಗಿಡವನ್ನು ಕಾಗದದಿಂದ ಹಿಡಿದೆತ್ತಿ ಮಣ್ಣನ್ನು ಕೊಡವಿ, ಬೇರನ್ನು ಫ್ಯಾನಿನ ಕೆಳಗೆ ಆರಿಸಿ, ಒಣಗಿದ ಮಿಶ್ರಣದಲ್ಲಿ ನೆಡಿರಿ. ಬುಡವು ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಸ್ಪಿರಿಟಿನಿಂದ ಒರಸಿದ ಚೂರಿಯಿಂದ ಕೊಳೆತದ್ದನ್ನು ಕತ್ತರಿಸಬೇಕು. ಕತ್ತರಿಸಿದ ಮುಖದಲ್ಲಿ ಕಂದು ಬಣ್ಣದ ಒಂದು ಚುಕ್ಕೆಯೂ ಕಾಣದಷ್ಟು ಮೇಲಕ್ಕೆ ಹೋಗಬೇಕು, ಪ್ರತಿ ಸಲವೂ ಚೂರಿಯನ್ನು ಒರಸಬೇಕು. ಗಂಧಕದ ಪುಡಿಯನ್ನು ಹಚ್ಚಿ, ಗಾಯವು ಚರ್ಮದಂತೆ ಗಟ್ಟಿಯಾಗುವ ವರೆಗೆ ನೆಡದೆ ಇಡಿರಿ. ಬಯಲುಸೀಮೆಯಲ್ಲಿ ಇದಕ್ಕೆ ಒಂದು ವಾರ ಸಾಕಾದರೆ ನಮ್ಮ ಜುಲೈಯಲ್ಲಿ ಮೂರು ವಾರವೂ ಬೇಕಾದೀತು. ಅವಸರಪಟ್ಟವರು ಗಿಡವನ್ನು ಎರಡನೆಯ ಸಲ ಕಳಕೊಳ್ಳುವರು.

ಇದೆಲ್ಲವೂ ಮರುಭೂಮಿಯ ಕಳ್ಳಿಗಳಿಗೆ ಸಲ್ಲುವ ಮಾತು. ಕಾಡಿನ ಮರಗಳ ಮೇಲೆ ಬೆಳೆಯುವ ಕಳ್ಳಿಗಳೂ ಉಂಟು. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲವು ಆ ಪಂಗಡದ್ದು. ಅದಕ್ಕೆ ನಮ್ಮ ತೇವದ ಗಾಳಿಯು ತೌರುಮನೆಯಂತೆ. ನೀರು ನಿಲ್ಲದಿದ್ದರೆ ಸಾಕು. ನಿಜವಾದ ಬ್ರಹ್ಮಕಮಲವು ಹಿಮಾಲಯದ ಬೇರೆಯೇ ಗಿಡ. ಅದರ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಸೊಸ್ಸೂರಿಯ ಎಂಬ ಹೆಸರು, ಮೇಲೆ ಹೇಳಿದ ಆ ತಂದೆ ಮಕ್ಕಳ ಗೌರವಾರ್ಥವಾದದ್ದು.

ಗಲ್ಫ್ ದೇಶಗಳಲ್ಲಿ ಹವಾನಿಯಂತ್ರಿತ ಮನೆಗಳಲ್ಲಿರುವ ನಮ್ಮ ಹುಡುಗಿಯರು ಒಣಗಾಳಿಗೆ ಹೆದರಿ ಕಳ್ಳಿಗೆ ನೀರು ಚಿಮುಕಿಸುವದಾಗಿ ಬರೆಯುತ್ತಾರೆ. ಅದನ್ನು ನಿಲ್ಲಿಸಬೇಕು. ಕಳ್ಳಿಯು ಆ ಹನಿಗಳಿಂದ ಬದುಕುವದಿಲ್ಲ. ಮುಳ್ಳಿನ ಬುಡದಲ್ಲಿ ನಿಂತ ನೀರು ಕಲೆಯನ್ನು ಮಾತ್ರ ತರುವದು. ಇಂಗ್ಲೆಂಡಿನಂಥ ಚಳಿದೇಶಗಳಲ್ಲಿ ಚಳಿಗಾಲದ ಬಿಸಿಮಾಡಿದ ಕೋಣೆಯೂ ಒಣಗಾಳಿಯದೇ: ಸೊನ್ನೆ ಡಿಗ್ರಿಯ ಹೊರಗಾಳಿಯು ಪೂರ್ತಿ ತುಂಬಿದ್ದರೂ ೨೦ ಡಿಗ್ರಿಗೆ ಬಿಸಿಯಾದಾಗ ಅದರ ಆರ್ದ್ರತೆಯು ಮೂವತ್ತಕ್ಕಿಂತ ಕೆಳಗಾಗುವದು. ಅಲ್ಲಿ ಮರುಭೂಮಿಯ ಕಳ್ಳಿಗೆ ಏನೂ ಮಾಡಬೇಕಾಗಿಲ್ಲ. ಕಾಡಿನ ಕಳ್ಳಿಯು ಮೊಗ್ಗು ಉದುರಿಸಿದರೆ ಮಾತ್ರ, ಬೆಣಚುಕಲ್ಲು ತುಂಬಿದ ತಟ್ಟೆಯಲ್ಲಿ ನೀರಿಟ್ಟು, ನೀರು ಕುಂಡದ ಅಡಿಗೆ ಮುಟ್ಟದಂತೆ ಕಲ್ಲುಗಳ ಮೇಲೆ ಕುಂಡವನ್ನಿಟ್ಟು ನೋಡಬಹುದು.

ಕರಾವಳಿಯಲ್ಲಿರುವವರು ಅಕ್ಟೋಬರಿನಲ್ಲಿ, ಬಿಸಿಲು ಒಂದು ವಾರ ನಿಂತ ಮೇಲೆ, ಮೊದಲನೆಯ ನೀರನ್ನು ಬೆಳಗಿನಲ್ಲಿ ಹಾಕಿರಿ. ಗಿಡವನ್ನು ಒಮ್ಮೆಲೇ ಕಡುಬಿಸಿಲಿಗೆ ಇಡದೆ ಹತ್ತು ದಿನಗಳಲ್ಲಿ ಮೆಲ್ಲಮೆಲ್ಲನೆ ಸರಿಸಿರಿ. ಈ ವರ್ಷ ಕುಂಡವನ್ನು ಕಳಕೊಂಡವರಿಗಾಗಿ ಶಾಲೆಯ ಮೂಡಣ ಜಗಲಿಯಲ್ಲಿ ಮರಿಗಳು ಬೇರುಬಿಟ್ಟು ಸಿದ್ಧವಾಗಿವೆ. ನವೆಂಬರಿನಲ್ಲಿ ಯಾವ ಶನಿವಾರವಾದರೂ ಬಂದು ಕೊಂಡುಹೋಗಬಹುದು. ಒಣತೂಕವನ್ನು ಕುಂಡದ ಮೇಲೆ ಬರೆದಿದೆ.